ದೊಡ್ಡವ್ವ ಎರೆದ ಮರಿಗಳು

ನಮ್ಮ ದೊಡ್ಡವ್ವನಿಗೆ ಚೀತಾದ ಹುಚ್ಚು ಹಿಡಿಸಿದವಳು ನಾನೇ. ಬೈಲಹೊಂಗಲದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪಾಠಕ್ಕೆಂದು ಸಂಪಗಾಂವದ ಮನೆಯಲ್ಲಿ ಮೊಬೈಲಿನಲ್ಲಿ ನೋಡುತ್ತಿದ್ದ ವಿಡಿಯೋಗಳನ್ನು ಅವಳೂ ಬಗ್ಗಿ ನೋಡತೊಡಗಿದಳು. ಆಫ್ರಿಕಾದ ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕಾಡಿಗೆ ಬಿಟ್ಟ ಮೇಲಂತೂ ದಿನಾ ಸಂಜೆ ನನಗೆ ವಿಚಾರಣೆ.

"ಮರಿ ಹಾಕಿದಾಕಿ ಹ್ಯಾಂಗ ಅದಾಳ?"

ಚೀತಾದ ಓಟದ ಬಗ್ಗೆ ಅವಳು ಒಂದು ದಿನವೂ ಕೇಳಲಿಲ್ಲ. ಊರಿನ ಬಾಣಂತಿಯರ ಮನೆಗೆ ಹೋಗಿ ಕೂಸುಗಳಿಗೆ ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದರಲ್ಲೇ ಆಯುಷ್ಯ ಕಳೆದವಳು. ಮೊಣಕಾಲು ಹಿಡಿದುಕೊಂಡ ಮೇಲೆ ಬಿಟ್ಟಿದ್ದಳು. ಅವಳ ಕಣ್ಣು ತಾಯಿಯ ಮೇಲೆಯೇ. ಚೀತಾದ ಕಣ್ಣಂಚಿನಿಂದ ಬಾಯಿಯ ತನಕ ಇಳಿಯುವ ಕಪ್ಪು ಗೆರೆ ನೋಡಿ, "ಅತ್ತಾಳ, ಕಾಡಿಗಿ ಇಳದೈತಿ" ಎಂದಳು. ಬಿಸಿಲಿನ ಝಳ ಕಣ್ಣಿಗೆ ಹೊಡೆಯದಿರಲೆಂದು ಆ ಗೆರೆ ಇರಬಹುದು ಎಂದು ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗಂಡು ಚೀತಾ ಮರಿಗಳತ್ತ ತಿರುಗಿಯೂ ನೋಡುವುದಿಲ್ಲ, ತಾಯಿಯೊಬ್ಬಳೇ ಅವನ್ನು ಹುಲ್ಲಿನಲ್ಲಿ ಬಚ್ಚಿಟ್ಟು ಬೇಟೆಗೆ ಹೋಗುತ್ತಾಳೆ, ಕೆಲವು ದಿನಕ್ಕೊಮ್ಮೆ ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತಾಳೆ, ಘರ್ಜಿಸಲು ಬಾರದೆ ಹಕ್ಕಿಯ ದನಿಯಲ್ಲಿ ಮರಿಗಳನ್ನು ಕರೆಯುತ್ತಾಳೆ ಎಂದದ್ದು ಮಾತ್ರ ಮನಸ್ಸಿಗೆ ನಾಟಿತು. ಬೇಟೆ ಹಿಡಿದರೂ ಏದುಸಿರು ಇಳಿಯುವವರೆಗೆ ತಿನ್ನಲಾರಳು, ಅಷ್ಟರಲ್ಲಿ ಕತ್ತೆಕಿರುಬ ಬಂದರೆ ಬಿಟ್ಟುಕೊಟ್ಟು ಹೋಗುತ್ತಾಳೆ ಎಂದ ದಿನ ಕತ್ತೆಕಿರುಬಗಳ ಇಡೀ ವಂಶಕ್ಕೆ ಶಾಪ ಹಾಕಿ ಮಲಗಿದಳು.

ಈ ಸಲ ನಮ್ಮ ಕಬ್ಬು ಕಡಿಯುವಾಗ ಉದುರಿದ ಒಣ ಗರಿಗಳ ರವದಿಯ ನಡುವೆ ಮೂರು ಮರಿಗಳು ಸಿಕ್ಕವು. ಕಡಿಯುವ ಗ್ಯಾಂಗಿನವರಿಗೆ ಚಿರತೆಯೂ ಚೀತಾನೇ; ಅದರ ಮರಿಯೆಂದೇ ತಿಳಿದು ಬುಟ್ಟಿಯಲ್ಲಿ ಮನೆಗೆ ತಂದಿದ್ದರು. ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಪಡಸಾಲೆಯ ತುಂಬ ಲೋಬಾನದ ಹೊಗೆ. ದೊಡ್ಡವ್ವ ಕಾಲು ಚಾಚಿ ಕುಳಿತಿದ್ದಾಳೆ, ತೊಡೆಯ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಮೂರು ಮರಿ. ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಹೊಗೆ ಹಾಕಿ, ದೃಷ್ಟಿಯಾಗದಿರಲೆಂದು ಕೆನ್ನೆಗೆ ಕಾಡಿಗೆಯ ಬೊಟ್ಟನ್ನೂ ಇಟ್ಟಿದ್ದಳು.

"ಇವು ಚೀತಾ ಅಲ್ಲ ಬೇ, ಕಾಡಬೆಕ್ಕಿನ ಮರಿ. ಯಾಕ ಎರದಿ?"

"ಇವರವ್ವ ಬ್ಯಾಟಿಗಿ ಹೋಗ್ಯಾಳ. ಅಕಿ ಬರೂತನಕ ಕೂಸು ಹಸನ ಇರ್ಲಿ ಅಂತ."

ನನ್ನ ಪಾಠವೇ ನನಗೆ ತಿರುಗಿ ಬಂದಿತ್ತು. ಆದರೂ ಸಿಟ್ಟು ತಡೆಯಲಾಗಲಿಲ್ಲ. "ತಾಯಿ ವಾಸನಿ ಮ್ಯಾಲ ಗುರ್ತು ಹಿಡಿತಾಳ. ಅದನ್ನ ನೀ ತೊಳದ ಬಿಟ್ಟಿ. ಅಕಿ ಮುಟ್ಟಲಿಲ್ಲಂದ್ರ ಇವು ಸಾಯ್ತಾವ" ಎಂದುಬಿಟ್ಟೆ.

ಅವಳ ಮುಖ ಸಣ್ಣದಾಯಿತು. ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, "ನನ್ನ ಕೈಯಾಗ ಒಂದ ಕೂಸಿಗೂ ಕೇಡಾಗಿಲ್ಲ ಯವ್ವಾ" ಎಂದಳು. ಅಷ್ಟು ಗಟ್ಟಿಯಾಗಿ ಹೇಳಲು ನನಗೆ ಖಾತ್ರಿಯಾದರೂ ಏನಿತ್ತು?

ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಸಿಕ್ಕ ಜಾಗದಲ್ಲೇ ಇಟ್ಟು ದೂರ ಸರಿಯಿರಿ ಎಂದರು. ಬೊಟ್ಟು ಒರೆಸಿ, ಮರಿಗಳನ್ನು ರವದಿಯಲ್ಲಿ ಮರಳಿ ಇಟ್ಟೆವು. ಉಳಿದ ಕಬ್ಬನ್ನು ನಾಳೆ ಕಡಿಯುತ್ತೇವೆಂದು ಗ್ಯಾಂಗಿನವರು ಅಂದಿನ ಕೆಲಸ ನಿಲ್ಲಿಸಿದರು. ದೊಡ್ಡವ್ವ ಮನೆಯಲ್ಲಿರಲು ಒಪ್ಪಲೇ ಇಲ್ಲ. ಅವಳನ್ನು ಎತ್ತಿ ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಕೂರಿಸಿ, ಹೊಲದ ಆ ತುದಿಯ ಬದುವಿನ ಬಳಿ ಟ್ರ್ಯಾಕ್ಟರ್ ನಿಲ್ಲಿಸಿದೆವು.

ಹೊತ್ತು ಮುಳುಗುವ ವೇಳೆಗೆ ಕಬ್ಬಿನ ಅಂಚಿನಿಂದ ಮರಿಗಳ ತಾಯಿ ಹೊರಬಂದಳು. ಉದ್ದ ಕಾಲು, ಮೋಟು ಬಾಲ, ಬಡಕಲು ಮೈ.

"ಚೀತಾ ಅಲ್ಲ, ಖರೆ" ಎಂದು ದೊಡ್ಡವ್ವ ಪಿಸುಗುಟ್ಟಿದಳು. "ತಾಯಿ ಹೌದಲ್ಲ."

ಬೆಕ್ಕು ಮೊದಲನೇ ಮರಿಯನ್ನು ಮೂಸಿತು. ಮೂಸಿ ಹಿಂದೆ ಸರಿಯಿತು. ದೊಡ್ಡವ್ವ ನನ್ನ ಮುಂಗೈ ಹಿಡಿದುಕೊಂಡಳು. ಮರಿಗಳು ಸಣ್ಣಗೆ ಕೂಗಿದವು. ಅದು ಮತ್ತೆ ಹತ್ತಿರ ಬಂದು, ಮರಿಯನ್ನು ಪಂಜದಿಂದ ಒತ್ತಿ ಹಿಡಿದು, ತಲೆಯಿಂದ ಬಾಲದವರೆಗೆ ನೆಕ್ಕತೊಡಗಿತು. ಹೊರಳಿಸಿ ಹೊಟ್ಟೆಯನ್ನೂ ನೆಕ್ಕಿತು. ಆಮೇಲೆ ಕುತ್ತಿಗೆ ಕಚ್ಚಿ ಎತ್ತಿಕೊಂಡು ಕಬ್ಬಿನೊಳಗೆ ನಡೆಯಿತು. ಎರಡನೆಯದಕ್ಕೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ. ಒಂದನ್ನೂ ನೆಕ್ಕದೆ ಒಯ್ಯಲಿಲ್ಲ.

ನನಗೆ ಅಳು ಬಂದಿತ್ತು. ಮನೆಯ ಮುಂದೆ ಟ್ರೇಲಿಯಿಂದ ಇಳಿಸುವಾಗ ದೊಡ್ಡವ್ವ ನನ್ನ ಹೆಗಲು ಹಿಡಿದು ನಕ್ಕಳು.

"ಊರಾಗ ಇಷ್ಟ ಕೂಸಿಗೆ ಎರದೇನಿ. ನಾ ಎರದ ಮ್ಯಾಲ ತಿರುಗಿ ಎರದಾಕಿ ಇಕಿ ಒಬ್ಬಾಕಿನ ನೋಡ."