ಮುಖಪುಟದಲ್ಲಿ ಕೂತ ನಾಯಿ

ನಮ್ಮ ಕನ್ನಡ ಸಂಘದ ಹೊಸ ವೆಬ್‌ಸೈಟ್ ತೆರೆದುಕೊಂಡಾಗ, ಪದಾಧಿಕಾರಿಗಳ ಹೆಸರು ಬರಬೇಕಿದ್ದ ಜಾಗದಲ್ಲಿ ದೊಡ್ಡ ನಾಯಿಯೊಂದು ನಾಲಿಗೆ ಚಾಚಿ ಕೂತಿತ್ತು. ತಿರುವನಂತಪುರದ ಕಳಕ್ಕೂಟಂನಲ್ಲಿದ್ದ ಡಿಸೈನರ್‌ನ ಪುಟ್ಟ ಆಫೀಸಿನಲ್ಲಿ ನನ್ನ ಪಕ್ಕದಲ್ಲೇ ಇದ್ದವರು ಸಂಘದ ಅಧ್ಯಕ್ಷರು, ಕಾಸರಗೋಡಿನ ಹಿರಿಯ ವಕೀಲರು. ಮರುದಿನವೇ ಉದ್ಘಾಟನೆ.

"ಏನಪ್ಪಾ ಇದು?" ಎಂದು ಡಿಸೈನರ್ ಬಿಬಿನ್‌ನನ್ನು ಕೇಳಿದೆ.

"ಚೇಚಿ ಹೇಳಿದ್ದನ್ನೇ ಹಾಕಿದ್ದೇನಲ್ಲ!" ಎಂದು, ನನ್ನನ್ನು ಅಕ್ಕ ಎಂಬರ್ಥದಲ್ಲಿ ಚೇಚಿ ಎನ್ನುತ್ತಿದ್ದ ಅವನು ಇಂಗ್ಲಿಷಿನಲ್ಲಿ ಗಾಬರಿಯಿಂದ ಹೇಳಿದ.

ಹೇಳಿದ್ದು ನಿಜ. ಮೈಸೂರಿನಿಂದ ತಿರುವನಂತಪುರಕ್ಕೆ ಹೊಸದಾಗಿ ಬಂದಿದ್ದ ನಾನು, ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ, ಮೊದಲ ಪುಟದಲ್ಲಿ ಪಟ್ಟಿ ಹಾಕು ಎಂದು ಫೋನಿನಲ್ಲಿ ಹೇಳಿದ್ದೆ. "ಪಟ್ಟಿಯೋ?" ಎಂದು ಅವನು ಮತ್ತೆ ಮತ್ತೆ ಕೇಳಿದ್ದ. ಹೌದು, ಪಟ್ಟಿಯೇ, ದೊಡ್ಡದಾಗಿ ಕಾಣಲಿ ಎಂದು ನಾನೂ ಒತ್ತಿ ಹೇಳಿದ್ದೆ.

ಅಧ್ಯಕ್ಷರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮಾರಾಯ್ತಿ, ಮಲಯಾಳದಲ್ಲಿ ಪಟ್ಟಿ ಅಂದ್ರೆ ನಾಯಿ! ಅದಿರ್ಲಿ, ಇವ ಅಧ್ಯಕ್ಷನಾ, ಕಾರ್ಯದರ್ಶಿಯಾ?"

ನಾಯಿಯೇ ಸಂಘದ ಚಿಹ್ನೆಯಾಗಿರಬೇಕೆಂದು ಬಿಬಿನ್ ಭಾವಿಸಿದ್ದನಂತೆ. ಒಳ್ಳೆಯ ಜಾತಿಯದನ್ನೇ ಹುಡುಕಿ ಹಾಕಿದ್ದೆ ಎಂದು ನೊಂದುಕೊಂಡ. ಮೂವರೂ ಕೂತು ಹೆಸರುಗಳನ್ನು ಸೇರಿಸಿದೆವು. ಉದ್ಘಾಟನೆ ಚೆನ್ನಾಗಿಯೇ ನಡೆಯಿತು.

ಆಮೇಲೂ ಅವನ ಜೊತೆ ಬಹಳ ಕೆಲಸ ಮಾಡಿದೆ, ಒಮ್ಮೆಯೂ ಎಡವಟ್ಟಾಗಲಿಲ್ಲ. ಏಕೆಂದರೆ ಅಂದಿನಿಂದ ನಾನು ಯಾರಿಗೇ ಕೆಲಸ ಹೇಳಿದರೂ "ಗೊತ್ತಾಯ್ತಾ?" ಎಂದು ಕೇಳುವುದಿಲ್ಲ, "ಏನು ಗೊತ್ತಾಯ್ತು?" ಎಂದು ಕೇಳುತ್ತೇನೆ.