ಏರಿ ದಾರಿಗೆ ಬಂದ ಜಪಾನ್ ಗಾಡಿ

ತೋಟದ ದಾರಿಯಲ್ಲಿ ಒಂದು ಮೋಟರ್ ಬೈಕು ಸದ್ದು ಮಾಡಿಕೊಂಡು ಬಂದರೆ, ಕಾಯಿ ಸುಲಿಯುವವರು ಕೆಲಸ ಬಿಟ್ಟು ಎದ್ದು ನೋಡುತ್ತಿದ್ದ ಕಾಲ ಅದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಿಳಿಗೆರೆ ಹತ್ತಿರ ತೆಂಗಿನ ತೋಟದೊಳಗೆ ನಮ್ಮ ಮನೆ. ನಾನು ಏಳನೇ ಕ್ಲಾಸು ಪಾಸಾಗಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಬರೀ ಸುಳ್ಳು, ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹೈಸ್ಕೂಲಿರುವುದು ತಿಪಟೂರಿನಲ್ಲಿ. ಬಸ್ಸು ಹಿಡಿಯಬೇಕೆಂದರೆ ಕೆರೆ ಏರಿ ದಾಟಿ ಟಾರು ರಸ್ತೆಗೆ ಹೋಗಬೇಕು.

"ಅಷ್ಟು ದೂರ, ಆ ಕೆಸರಲ್ಲಿ, ಹೆಣ್ಮಗು ಒಬ್ಳೇ ಹೋಗೋದು ಬ್ಯಾಡ," ಅಂತ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು.

ಅಂಥ ಹೊತ್ತಿನಲ್ಲೇ ನಮ್ಮ ಶಿವಣ್ಣ ಚಿಕ್ಕಪ್ಪ ಆ ಗಾಡಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿದ್ದು. ಬೊಂಬಾಯಿಗೆ ಕೊಬ್ಬರಿ ಲೋಡು ಹೊಡೆಯುವ ಡ್ರೈವರೊಬ್ಬ ವಾಪಸ್ಸು ಬರುವಾಗ ಲಾರಿಗೆ ಹಾಕಿಕೊಂಡು ಬಂದಿದ್ದನಂತೆ. ಜಪಾನ್ ಗಾಡಿ. ನನ್ನ ಕತ್ತಿನೆತ್ತರದ ಸೀಟು, ಗಂಟುಗಂಟಾದ ಟೈರು, ಮೂತಿ ಮೇಲೆತ್ತಿಕೊಂಡ ಮಡ್‌ಗಾರ್ಡು. ಕೆಸರಲ್ಲಿ ಓಡಿಸಲಿಕ್ಕೆಂದೇ ಮಾಡಿದ್ದು, ರೇಟೂ ಅಗ್ಗ ಅಂದ ಚಿಕ್ಕಪ್ಪ.

"ಇದೊಂದು ತಗಂಡ್ರೆ ದಿನಾ ಮಗೀನ ಇಸ್ಕೂಲ್ಗೆ ಬುಟ್ಟು ನಾನು ಕೊಬ್ರಿ ಮಂಡಿಗೆ ಹೋಯ್ತೀನಿ ಕಣಣ್ಣ. ಎಂಥ ಮಳೆ ಬರ್ಲಿ!"

ಅಲ್ಲಿಗೆ ನನ್ನ ಓದು ಆ ಗಾಡಿಯ ಮೇಲೆ ಹತ್ತಿ ಕೂತಿತು. ಅದನ್ನು ಕೊಂಡರೆ ಸ್ಕೂಲು, ಇಲ್ಲದಿದ್ದರೆ ಒಲೆ ಮುಂದೆ. ಸ್ಕೂಲಿಗೆ ಸೇರಿಸಿಕೊಳ್ಳುವ ದಿನಗಳು ಮುಗಿಯುತ್ತಾ ಬಂದಿದ್ದವು. ಅಪ್ಪ, ತಾತ, ಚಿಕ್ಕಪ್ಪ ನೋಡಿದರೆ ದಿನಾ ಗಾಡಿಯ ಸುತ್ತ ಕೂತು ಎಲೆಅಡಿಕೆ ಹಾಕುತ್ತಾ ಮಾತಾಡುವುದೇ ಆಯಿತು. ಪೆಟ್ರೋಲು ಎಷ್ಟು ಕುಡಿಯುತ್ತೆ, ಸಾಮಾನು ಎಲ್ಲಿ ಸಿಗುತ್ತೆ, ಕೆಟ್ಟರೆ ಯಾರು ಬಿಚ್ಚುತ್ತಾರೆ! ಅಮ್ಮ ಕೊಬ್ಬರಿ, ಬೆಲ್ಲ, ಹುರಿಗಡಲೆ ತಟ್ಟೆಗೆ ಹಾಕಿ ಕಳಿಸುತ್ತಿದ್ದಳು. ತಟ್ಟೆ ಖಾಲಿ ಆಗುತ್ತಿತ್ತು, ಮಾತು ಮಾತ್ರ ಬಗೆಹರಿಯುತ್ತಿರಲಿಲ್ಲ. "ನೋಡಣ ಬುಡು" ಅನ್ನುವ ಅಪ್ಪನ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಾಡಿಯ ಪಕ್ಕದಲ್ಲೇ ಕುಂಟೆಬಿಲ್ಲೆ ಆಡುತ್ತಾ, ಪೆಟ್ರೋಲಿನ ವಾಸನೆ ಮೂಗಿಗೆಳೆದುಕೊಳ್ಳುತ್ತಾ, ಕಿವಿಯನ್ನೆಲ್ಲ ಅತ್ತಲೇ ಇಟ್ಟಿರುತ್ತಿದ್ದೆ.

ಕೊನೆಗೆ ತಾತ ಎದ್ದರು. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಗಾಡಿಯನ್ನು ಜೋರಾಗಿ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿದರು. ಒಳಗೆಲ್ಲೋ ಲೊಟಲೊಟ ಅಂದಿತು. ತಾತನ ಮುಖ ಅರಳಿತು.

"ಒಳಗೆ ಚೆನ್ನಾಗಿ ಬುಟ್ಕಂಡೈತೆ ಕಣ್ಲಾ. ಧೈರ್ಯವಾಗಿ ತಗೋ."

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ತಾತ ಹಾಗೇ ಅಲ್ಲಾಡಿಸಿ ನೋಡುತ್ತಿದ್ದರು. ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಲೊಟಲೊಟ ಅನ್ನಬೇಕು, ಅದೇ ಒಳ್ಳೆಯ ಮಾಲು. ಅಪ್ಪ ಹಣೆ ಚಚ್ಚಿಕೊಂಡರು.

"ಅಪ್ಪಯ್ಯಾ, ಅದು ಕೊಬ್ರಿ ಅಲ್ಲ, ಇಂಜನ್ನು! ಒಳಗೆ ಅಲ್ಲಾಡಿದ್ರೆ ಕೆಟ್ಟೈತೆ ಅಂತ!"

ಮತ್ತೆ ಮಾತಿಗೆ ಮಾತು ಬೆಳೆಯಿತು. ನನಗೆ ತಡೆಯಲಾಗಲಿಲ್ಲ, ಅಲ್ಲೇ ನಿಂತು ಜೋರಾಗಿ ಅತ್ತುಬಿಟ್ಟೆ. ಆಗ, ಮಾವನ ಎದುರು ಯಾವತ್ತೂ ದನಿ ಎತ್ತದ ಅಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲು ದಾಟಿ ಹೊರಗೆ ಬಂದಳು.

"ಶಿವಣ್ಣ, ಗಾಡಿ ತೆಗಿ. ಮಗು ಕೂರೋ ಜಾಗ, ಮೊದ್ಲು ನಾನು ಕೂತು ನೋಡ್ತೀನಿ."

"ಅತ್ಗೆ, ನೀವಾ?"

"ನಾನೇ. ಟಾರ್ ರಸ್ತೆಗಂಟ ಹೋಗಿ ಬರಣ, ನಡಿ."

ತಾತ ಆ ಕಡೆ ತಿರುಗಿಕೊಂಡರು. ಹಿಂದಿನ ಸೀಟೇ ಇಲ್ಲದ ಗಾಡಿಗೆ ಗೋಣಿಚೀಲ ಮಡಿಸಿ ಕಟ್ಟಿದ್ದಾಯಿತು. ಅಮ್ಮ ಕಣ್ಣು ಮುಚ್ಚಿ ಕೂತಳು. ಗಾಡಿ ಒಂದು ಸಲ ಮುಗ್ಗರಿಸಿ, ಆಮೇಲೆ ಕಿವಿ ಕಿತ್ತುಹೋಗುವ ಹಾಗೆ ಅರಚುತ್ತಾ ತೋಟದೊಳಗೆ ಮರೆಯಾಯಿತು.

ಸ್ವಲ್ಪ ಹೊತ್ತಿಗೆ ಸದ್ದು ನಿಂತುಹೋಯಿತು. ಮತ್ತೆ ಕೇಳಿಸಲೇ ಇಲ್ಲ. ನಾನು ಬೇಲಿಗೂ ಅಂಗಳಕ್ಕೂ ಓಡಾಡಿ ಓಡಾಡಿ ಸಾಕಾದೆ. ಬಿದ್ದರೇನೋ ಅಂತ ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಅಮ್ಮ ಬಂದಳು, ಒಬ್ಬಳೇ, ನಡೆದುಕೊಂಡು. ಸೀರೆಯ ಅಂಚೆಲ್ಲ ಕೆಸರು. ಕೂದಲು ಕೆದರಿತ್ತು. ನಗುತ್ತಿದ್ದಳು!

"ರಸ್ತೆ ಮುಟ್ಟುತ್ಲೂ ಚೈನು ಕಿತ್ತೋಯ್ತು. ಶಿವಣ್ಣ ತಳ್ಕಂಡು ಬತ್ತಾವ್ನೆ. ಈ ಗಾಡಿ ಬ್ಯಾಡ, ವಾಪಸ್ ಕೊಟ್ಬುಡಿ."

ಮುಗಿಯಿತು ನನ್ನ ಕತೆ ಅಂದುಕೊಂಡೆ. ಅಮ್ಮ ಅಪ್ಪನ ಮುಖವನ್ನೇ ನೋಡುತ್ತಾ ಅಂದಳು:

"ಅಷ್ಟು ದೂರ, ಅಷ್ಟು ದೂರ ಅಂತಿದ್ರಲ್ರೀ? ಹತ್ರಾನೇ ಐತೆ. ನಾಳೆಯಿಂದ ಮಗೀನ ನಾನೇ ಬಸ್ ಹತ್ತಿಸಿ ಬತ್ತೀನಿ. ಸಂಜೆ ನಾನೇ ಕರ್ಕಬತ್ತೀನಿ."

ಮದುವೆಯಾಗಿ ಅಷ್ಟು ವರ್ಷವಾದರೂ ಅಮ್ಮ ಏರಿ ದಾರಿ ತುಳಿದಿರಲೇ ಇಲ್ಲ. ನಮ್ಮ ಮನೆಯ ಹೆಂಗಸರು ಎಲ್ಲಿಗಾದರೂ ಹೊರಟರೆ ಎತ್ತಿನ ಗಾಡಿಯಲ್ಲಿ, ಬಿಳಿಗೆರೆ ಸುತ್ತಿಕೊಂಡು ಹೋಗಬೇಕು. ದೂರ ಅಂತ ಗಂಡಸರು ಹೇಳಿದ್ದನ್ನೇ ನಂಬಿಕೊಂಡಿದ್ದಳು. ಅಪ್ಪ ಮೆಟ್ಟಿದ್ದ ಚಪ್ಪಲಿ ಕಳಚಿಟ್ಟು, "ಆಗ್ಲಿ ಬುಡು" ಅಂದರು. ಜಪಾನ್ ಗಾಡಿ ಮತ್ತೆ ಲಾರಿ ಹತ್ತಿತು, ನಾನು ಬಸ್ಸು ಹತ್ತಿದೆ.

ಹೈಸ್ಕೂಲು ಮುಗಿಯುವವರೆಗೂ ಅಮ್ಮ ನನ್ನ ಜೊತೆ ಏರಿ ಮೇಲೆ ನಡೆದಳು. ಮನೆಯಲ್ಲಿ ಬಾಯಿ ಬಿಡದವಳು ಅಲ್ಲಿ ಎಷ್ಟು ಮಾತಾಡುತ್ತಿದ್ದಳು! ನೊಣವಿನಕೆರೆಯ ತವರು, ಈಜು ಕಲಿತ ಬಾವಿ, ತನ್ನನ್ನು ಸ್ಕೂಲು ಬಿಡಿಸಿದ ದಿನ. ಮಾತು ಅರ್ಧಕ್ಕೆ ಬಂದಿರುತ್ತಿತ್ತು, ಅಷ್ಟರಲ್ಲಿ ಬಸ್ಸು ಬಂದುಬಿಡುತ್ತಿತ್ತು.

ಈಗ ಆ ಏರಿಗೂ ಟಾರು ಬಿದ್ದಿದೆ. ಮನೆಗೆರಡು ಬೈಕಿವೆ. ತಮ್ಮನ ಮಗ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರೆ, ಕೆರೆ ಕಣ್ತುಂಬ ನೋಡುವುದರೊಳಗೆ ಮನೆ ಬಂದಿರುತ್ತದೆ. ಅಮ್ಮ ಹೋಗಿ ಬಹಳ ವರ್ಷವಾಯಿತು. ಅವಳ ಎಷ್ಟೋ ಮಾತುಗಳ ಉಳಿದರ್ಧ ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಾರಿ ಅಪ್ಪ ಹೇಳಿದಷ್ಟೇ ದೂರ ಇರಬಾರದಿತ್ತೇ ಅಂತ ಏರಿ ದಾಟುವಾಗಲೆಲ್ಲ ಅನ್ನಿಸುತ್ತದೆ.