ದಿನಕ್ಕೆ ಒಂದೇ ಲೀಟರ್

ಗ್ಯಾಲನ್ನನ್ನು ಲೀಟರಿಗೆ ಇಳಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸಣ್ಣ ಜಂಬವೊಂದು ನನಗಿತ್ತು. ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಯಂತ್ರಗಳಿಗೆ ಎಣ್ಣೆ ಅಳೆದು ಹಾಕಿಸುವುದೇ ನನ್ನ ನೌಕರಿ. ಇಂಗ್ಲೆಂಡಿನ ಗ್ಯಾಲನ್ ನಾಲ್ಕೂವರೆ ಲೀಟರ್, ಅಮೆರಿಕದ್ದು ನಾಲ್ಕಕ್ಕೂ ತುಸು ಕಡಿಮೆ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ.

ನಿವೃತ್ತಿಯ ಬಳಿಕ ಹೃದಯ ದಣಿಯಿತು. ವಿದ್ಯಾನಗರದ ವೈದ್ಯರು ನನ್ನ ಕಾಲಿನ ಬಾವು ಒತ್ತಿ ನೋಡಿ, "ನೀರು, ಚಹಾ, ಸಾರು, ಮಜ್ಜಿಗಿ ಎಲ್ಲಾ ಕೂಡಿ ದಿನಕ್ಕ ಒಂದ ಲೀಟರ್. ಹೆಚ್ಚಾದ್ರ ಎದಿಗೆ ಭಾರ ಆಗ್ತದರಿ" ಎಂದರು.

ಲೆಕ್ಕವೆಂದರೆ ನನ್ನ ಖಾತೆ. ಫೋನಿನಲ್ಲಿ ಹುಡುಕಿದೆ: ಒಂದು ಕಪ್ ಎಂದರೆ ಇನ್ನೂರನಲವತ್ತು ಮಿಲಿ. ಅಂದಮೇಲೆ ನಾಲ್ಕು ಕಪ್ ಎಂದು ನಮ್ಮ ಸ್ಟೀಲ್ ಲೋಟದಲ್ಲಿ ದಿನಕ್ಕೆ ನಾಲ್ಕು ಸಲ ಆರಾಮವಾಗಿ ಕುಡಿದೆ. ಸಾರು, ಮಜ್ಜಿಗೆಯನ್ನು ಊಟದ ಲೆಕ್ಕಕ್ಕೆ ಸೇರಿಸಿದೆ. ಗ್ಯಾಲನ್ನು ದೇಶಕ್ಕೊಂದು ಇರುವಂತೆ ಲೋಟ ಮನೆಗೊಂದು ಇದ್ದೀತು, ನಮ್ಮದು ದೊಡ್ಡದಿದ್ದೀತು ಎಂದು ಹೊಳೆಯಲೇ ಇಲ್ಲ. ವಾರದೊಳಗೆ ಕಾಲಿಗೆ ಚಪ್ಪಲಿ ಹಿಡಿಸದಾಯಿತು. ಮೆಟ್ಟಿಲ ಮೇಲೆ ಉಸಿರು ಸಿಗದೆ ಕುಳಿತುಬಿಟ್ಟೆ. ಹೆಂಡತಿ ಸುಮಿತ್ರಾಳ ಮುಖದ ಹೆದರಿಕೆಯನ್ನು ಮಾತ್ರ ಯಾವ ಅಳತೆಗೂ ಇಳಿಸಲಾರೆ.

ಮರುದಿನ ಅವಳು ಲೀಟರಿನ ಬಾಟಲಿಗೆ ನೀರು ತುಂಬಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ನಾನು ಏನೇ ಕುಡಿಯಲಿ, ಅಷ್ಟೇ ನೀರನ್ನು ಬಾಟಲಿಯಿಂದ ತೆಗೆದು ದಾಸವಾಳದ ಗಿಡಕ್ಕೆ ಹಾಕುವಳು. "ಬಾಟ್ಲಿ ಖಾಲಿ ಆತಂದ್ರ ನಿಮ್ಮ ದಿನದ ಲೆಕ್ಕ ಮುಗೀತು."

"ಸಾರು ಊಟ ಅಲ್ಲೇನು?" ಎಂದು ವಾದಿಸಿದೆ.

"ಸಾರಿನ ವಾಟಿ ಓರೆ ಮಾಡಿದ್ರ ಹರೀತದಲ್ಲಾ, ಹಂಗಾದ್ರ ಅದೂ ನೀರ."

ಬೇಸಿಗೆ ಬಂತು. ನೀರಿಗಾದರೂ ಉಳಿಯಲೆಂದು ನಾನು ಚಹಾ ಬಿಟ್ಟೆ. ಮಧ್ಯಾಹ್ನಕ್ಕೇ ಬಾಟಲಿ ಬರಿದಾದ ದಿನ ನಾಲಿಗೆ ಅಂಟುತ್ತಿತ್ತು. ಗಿಡ ಹೂ ಬಿಟ್ಟು ಮೆರೆಯುತ್ತಿತ್ತು. ನೆರೆಮನೆಯ ಮೆಕ್ಯಾನಿಕ್ ರಹಿಮಾನಸಾಬರು ಒಳಗೆ ಕರೆದು ಶರಬತ್ತು ಮುಂದಿಟ್ಟಾಗ, "ಮಾಫ್ ಮಾಡ್ರಿ, ಇವತ್ತಿಂದು ಮುಗದದ" ಎಂದು ನಾನೇ ಹೇಳಿದೆ. ಅವರು ತಮ್ಮ ಲೋಟವನ್ನೂ ಬದಿಗೆ ಸರಿಸಿ, ಹುರಿದ ಶೇಂಗಾ ತರಿಸಿದರು. ಸುಮಿತ್ರಾಳ ಹಠ ಅಷ್ಟರಲ್ಲಿ ನನ್ನದೂ ಆಗಿತ್ತು.

ಕಳೆದ ತಿಂಗಳು ವೈದ್ಯರು ಮತ್ತೆ ಕಾಲು ಒತ್ತಿದರು. ಬಾವು ಇಳಿದಿತ್ತು, ಬೆರಳಿನ ಗುರುತು ಮೂಡಲಿಲ್ಲ. "ಛಲೋ ಆಗೇದ. ಇನ್ನ ಒಂದೂವರಿ ಲೀಟರ್ ಕುಡೀರಿ."

ಹೊರಗೆ ಬಂದರೆ ಚಹಾದಂಗಡಿ. ನಾನು "ಒನ್ ಬೈ ಟೂ" ಎನ್ನುವಷ್ಟರಲ್ಲಿ ಸುಮಿತ್ರಾ ತಡೆದಳು: "ಬ್ಯಾಡ. ಎರಡು ಪೂರ್ತಿ ಕೊಡ್ರಿ."

ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದದ್ದು ನೋಡಿ ಆಗ ನೆನಪಾಯಿತು. "ಇಷ್ಟು ದಿನ ಮನ್ಯಾಗ ನೀ ಚಹಾ ಕುಡದದ್ದ ನೋಡಿಲ್ಲಲಾ?"

"ಒಬ್ಬಾಕೀನ ಕುಡದ್ರ ಗಂಟಲದಾಗ ಇಳಿಯಂಗಿಲ್ಲ" ಎಂದು ಅವಳು ಹಬೆಯನ್ನು ಊದಿದಳು.

ಅವಳದಕ್ಕಿಂತ ಮೊದಲು ನನ್ನದು ಮುಗಿಯದಂತೆ, ಸಣ್ಣ ಸಣ್ಣ ಗುಟುಕಿನಲ್ಲಿ ಕುಡಿದೆ.